ಯುಕೆಜಿ ಮುಗಿಯುತ್ತಿದೆ, "ಬೇರೆ ಶಾಲೆ ನೋಡಿಕೊಳ್ಳಿ" ಅಂದಿದ್ದಾರೆ. ಮಾಮೂಲಿ ಶಾಲೆಯೋ, ಸ್ಪೆಷಲ್ ಶಾಲೆಯೋ?

ಪುಟ್ಟನಮ್ಮ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಈಗಲೇ.

ಮಗನಿಗೆ ಆರು ತುಂಬಿತು. ಆಟಿಸಂ ಇದೆ, ರಿಪೋರ್ಟಿನಲ್ಲಿ ಮಾಡರೇಟ್ ಅಂತ ಬರೆದಿದ್ದಾರೆ. ಮಾತು ಕಡಿಮೆ. ಬೇಕಾದ್ದನ್ನು ಎರಡು ಮೂರು ಪದ ಸೇರಿಸಿ ಕೇಳುತ್ತಾನೆ, ಅಷ್ಟೇ. ಆದರೆ ಓದು ತಾನಾಗಿಯೇ ಬಂದಿದೆ. ಬಸ್ಸಿನ ಬೋರ್ಡು, ಔಷಧದ ಡಬ್ಬಿ, ಲಿಫ್ಟಿನೊಳಗಿನ ಎಚ್ಚರಿಕೆ, ಕಣ್ಣಿಗೆ ಬಿದ್ದದ್ದೆಲ್ಲ ಓದುತ್ತಾನೆ. ಗದ್ದಲ ಜಾಸ್ತಿ ಆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ನುಸುಳುತ್ತಾನೆ. ಯಾರಿಗೂ ಹೊಡೆಯುವುದಿಲ್ಲ, ಕಚ್ಚುವುದಿಲ್ಲ.

ಈಗಿನ ಶಾಲೆಯವರು ಕರೆಸಿ, "ಒಂದನೇ ಕ್ಲಾಸಿಗೆ ನಮ್ಮಲ್ಲಿ ಕಷ್ಟ ಆಗುತ್ತೆ ಮೇಡಂ, ಸ್ಪೆಷಲ್ ಶಾಲೆಗೆ ಹಾಕಿದರೆ ಮಗುವಿಗೇ ಒಳ್ಳೆಯದು" ಎಂದರು. ಬಾಯಿಮಾತು, ಬರೆದು ಕೊಟ್ಟಿಲ್ಲ. ಯಜಮಾನರು ಮಾಮೂಲಿ ಶಾಲೆಯೇ ಆಗಬೇಕು ಎನ್ನುತ್ತಾರೆ. ಅತ್ತೆ, ಸುಮ್ನೆ ಒಂದು ವರ್ಷ ಮನೆಯಲ್ಲಿಟ್ಟುಕೋ, ಮಾತು ಬಂದ ಮೇಲೆ ನೋಡೋಣ ಎನ್ನುತ್ತಾರೆ. ಥೆರಪಿಸ್ಟ್ "ಎರಡರಲ್ಲೂ ಲಾಭ ಇದೆ" ಅಂದುಬಿಟ್ಟರು.

ನೀವೆಲ್ಲ ಹೇಗೆ ಆರಿಸಿದಿರಿ? ಶಾಲೆಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು?

ಕೊನೇಬೆಂಚು:
ಮೊದಲು "ಬರೆದು ಕೊಡಿ" ಅಂತ ಕೇಳಿ. ಬರೆಯುವುದಿಲ್ಲ, ನೋಡುತ್ತಿರಿ.

ಸೆಕ್ಷನ್ ಸ್ವಾಮಿ:
ಕೊನೇಬೆಂಚು ಹೇಳಿದ್ದು ತಮಾಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು. ಮಾನ್ಯತೆ ಅಂದ ಮೇಲೆ ಖಾಸಗಿ ಶಾಲೆಯೂ ಬಂತು. "ನಮ್ಮದು ಪ್ರೈವೇಟ್" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

31ನೇ ಸೆಕ್ಷನ್ ಇನ್ನೂ ಮುಖ್ಯ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಸರ್ಟಿಫಿಕೇಟ್ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆ ಅಥವಾ ಸ್ಪೆಷಲ್ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಎರಡರಲ್ಲಿ ಯಾವುದು ಎಂಬ ಆಯ್ಕೆ ಮಗುವಿನ ಕಡೆಯವರದು, ಪ್ರಿನ್ಸಿಪಾಲರದಲ್ಲ.

ಇನ್ನೊಂದು. ಸೇರಿದ ಮಗುವನ್ನು ಎಂಟನೇ ತರಗತಿ ಮುಗಿಯುವ ತನಕ ಹೊರಹಾಕುವಂತಿಲ್ಲ ಎಂದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಹೇಳುತ್ತದೆ. ಆ ರಕ್ಷಣೆ ಶುರುವಾಗುವುದು ಒಂದನೇ ತರಗತಿಯಿಂದ. ಈ "ಮಗುವಿಗೇ ಒಳ್ಳೆಯದು" ಡೈಲಾಗು ಎಲ್ಲರಿಗೂ ಯುಕೆಜಿ ಕೊನೆಗೇ ಯಾಕೆ ಬರುತ್ತದೆ, ಈಗ ಗೊತ್ತಾಯಿತಾ?

ಪುಟ್ಟನಮ್ಮ:
ಅಯ್ಯೋ ದೇವರೇ. ಇದು ಗೊತ್ತೇ ಇರಲಿಲ್ಲ ಸರ್.

ಚಾಕ್‌ಪೀಸ್ ಮೇಷ್ಟ್ರು:
ಕಾನೂನು ಸರಿಯಾಗಿಯೇ ಇದೆ. ನಾನು ಮೂರನೇ ತರಗತಿ ಟೀಚರ್. ಕ್ಲಾಸಿನಲ್ಲಿ ನಲವತ್ತರ ಮೇಲೆ ಮಕ್ಕಳು, ಸಹಾಯಕ್ಕೆ ಆಯಾ ಕೂಡ ಇಲ್ಲ. ನಾನು ಬೋರ್ಡಿನ ಕಡೆ ತಿರುಗಿ ಭಾಗಾಕಾರ ಬರೆಯುವಷ್ಟರಲ್ಲಿ ಒಂದು ಮಗು ಬಾಗಿಲು ದಾಟಿ ಹೋಗಿರುತ್ತದೆ. ಅದರ ಹಿಂದೆ ಓಡಿದರೆ ಉಳಿದವರನ್ನು ಯಾರು ನೋಡುತ್ತಾರೆ? ಸೆಕ್ಷನ್ ತೋರಿಸಿ ಸೀಟು ತಗೊಳ್ಳಬಹುದು. ಒಳಗೆ ಬಂದ ಮೇಲೆ ಆ ಮಗುವಿನ ಪಾಡು ಏನು ಅಂತ ಯಾರೂ ಕೇಳುವುದಿಲ್ಲ. ಕಿಟಕಿ ಪಕ್ಕ ಕೂರಿಸಿ, ಒಂದು ಬಣ್ಣದ ಪುಸ್ತಕ ಕೊಟ್ಟು ವರ್ಷ ಕಳೆಯುತ್ತಾರೆ. ಇದೂ ಒಂಥರಾ ಹೊರಹಾಕಿದ ಹಾಗೆಯೇ ಅಲ್ವಾ?

ಕೊನೇಬೆಂಚು:
ಮೇಷ್ಟ್ರೇ, ಅದು ಮ್ಯಾನೇಜ್‌ಮೆಂಟಿನ ತಪ್ಪು. ಅದಕ್ಕೆ ಮಗು ಯಾಕೆ ಹೊರಗೆ ಹೋಗಬೇಕು?

ಚಾಕ್‌ಪೀಸ್ ಮೇಷ್ಟ್ರು:
ತಪ್ಪು ಯಾರದ್ದಾದರೂ ಇರಲಿ, ಅನುಭವಿಸುವುದು ಮಗು. ಅಷ್ಟೇ ನಾನು ಹೇಳಿದ್ದು.

ಸೆಕ್ಷನ್ ಸ್ವಾಮಿ:
ಅದಕ್ಕೂ ಆದೇಶ ಇದೆ. 2021ರಲ್ಲಿ ಸುಪ್ರೀಂ ಕೋರ್ಟ್ ಮಾಮೂಲಿ ಶಾಲೆಗಳಿಗೆ ಸ್ಪೆಷಲ್ ಟೀಚರ್‌ಗಳ ಲೆಕ್ಕ ಹೇಳಿದೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು.

ಚಾಕ್‌ಪೀಸ್ ಮೇಷ್ಟ್ರು:
ಆ ಒಬ್ಬರನ್ನು ನಮ್ಮ ಶಾಲೆಗೆ ಕಳಿಸಿಕೊಡಿ ಸ್ವಾಮಿ, ಹಾರ ಹಾಕಿ ಕರೆದುಕೊಳ್ಳುತ್ತೇನೆ.

ಇಬ್ಬರ ಅಪ್ಪ:
ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ನಮ್ಮ ದೊಡ್ಡ ಮಗಳಿಗೆ ಡೌನ್ ಸಿಂಡ್ರೋಮ್. ನಾಲ್ಕನೇ ತರಗತಿ ತನಕ ತಮ್ಮನ ಜೊತೆ ಮಾಮೂಲಿ ಶಾಲೆಯಲ್ಲೇ ಓದಿದಳು. ಮೊದಲ ಮೂರು ವರ್ಷ ಬಹಳ ಚೆನ್ನಾಗಿತ್ತು. ಕ್ಲಾಸಿನವರೆಲ್ಲ ಹುಟ್ಟುಹಬ್ಬಕ್ಕೆ ಕರೆಯುತ್ತಿದ್ದರು, ಇವಳು ಹಾಡಿಗೆಲ್ಲ ಮುಂದೆ. ಆಮೇಲೆ ಪಾಠ ಓಡತೊಡಗಿತು. ಗೆಳತಿಯರ ಮಾತೂ ಓಡತೊಡಗಿತು. ಇವಳು ಊಟದ ಬಿಡುವಿನಲ್ಲಿ ಒಂದನೇ ತರಗತಿ ಮಕ್ಕಳ ಹತ್ತಿರ ಹೋಗಿ ಕೂರಲು ಶುರು ಮಾಡಿದಳು. ಅದನ್ನು ನೋಡಿ ನಾವು ಸ್ಪೆಷಲ್ ಶಾಲೆಗೆ ಬದಲಿಸಿದೆವು. ಈಗ ಅಲ್ಲಿ ಅವಳೇ ಹಾಜರಿ ಪುಸ್ತಕ ತೆಗೆದುಕೊಂಡು ಆಫೀಸಿಗೆ ಕೊಟ್ಟುಬರುತ್ತಾಳೆ. ಆ ಗತ್ತು ನೋಡಬೇಕು ನೀವು!

ಒಂದು ಸಲ ಆರಿಸಿದರೆ ಹತ್ತನೇ ತರಗತಿ ತನಕ ಅದೇ ಅಂತ ಯಾಕೆ ಅಂದುಕೊಳ್ಳಬೇಕು? ಎರಡು ವರ್ಷಕ್ಕೆ ಯಾವುದು ಸರಿ, ಅಷ್ಟು ನೋಡಿ.

ರಿಸೋರ್ಸ್ ರೂಮ್ ಅಕ್ಕ:
ನಾನು ಸ್ಪೆಷಲ್ ಎಜುಕೇಟರ್. ಮೊದಲು ಸ್ಪೆಷಲ್ ಶಾಲೆಯಲ್ಲಿದ್ದೆ, ಈಗ ಮಾಮೂಲಿ ಶಾಲೆಯ ರಿಸೋರ್ಸ್ ರೂಮಿನಲ್ಲಿದ್ದೇನೆ. ಇಂಥ ಮಕ್ಕಳಿಗೆ ಬೇರೆಯಾಗಿ ಕೂರಿಸಿ ಹೇಳಿಕೊಡುವ ಕೋಣೆ ಅದು. ಎರಡೂ ಕಡೆ ಒಳ್ಳೆಯದನ್ನೂ ನೋಡಿದ್ದೇನೆ, ನಾಚಿಕೆಗೇಡನ್ನೂ ನೋಡಿದ್ದೇನೆ. ಹಾಗಾಗಿ ಬೋರ್ಡಿನ ಮೇಲೆ "ಇನ್‌ಕ್ಲೂಸಿವ್" ಅಂತ ಇದೆಯೋ "ಸ್ಪೆಷಲ್" ಅಂತ ಇದೆಯೋ ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಪುಟ್ಟನಮ್ಮ ಅವರೇ, ಶಾಲೆಗೆ ಹೋದಾಗ "ನೀವು ಇಂಥ ಮಕ್ಕಳನ್ನು ತಗೊಳ್ಳುತ್ತೀರಾ" ಅಂತ ಕೇಳಬೇಡಿ. ಹೌದು ಅನ್ನುತ್ತಾರೆ, ಅಥವಾ ಇಲ್ಲ ಅನ್ನುತ್ತಾರೆ. ಎರಡರಿಂದಲೂ ನಿಮಗೆ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಕೇಳಿ: "ಕಳೆದ ಸಲ ಒಂದು ಮಗು ಕ್ಲಾಸಿನಲ್ಲಿ ಕಿವಿ ಮುಚ್ಚಿಕೊಂಡು ಕಿರುಚಿದಾಗ ಏನು ಮಾಡಿದಿರಿ?" ನಿಜವಾಗಿ ಮಾಡಿದವರಿಗೆ ಕತೆ ಇರುತ್ತದೆ. ಯಾರು ಹೊರಗೆ ಕರೆದುಕೊಂಡು ಹೋದರು, ಎಲ್ಲಿ ಕೂರಿಸಿದರು, ಎಷ್ಟು ಹೊತ್ತಿಗೆ ಮತ್ತೆ ಕ್ಲಾಸಿಗೆ ಬಂತು, ಮಾರನೇ ದಿನ ಏನು ಬದಲಾಯಿಸಿದರು, ಎಲ್ಲ ಹೇಳುತ್ತಾರೆ. ಮಾಡದವರು "ನಾವು ಪ್ರತಿ ಮಗುವನ್ನೂ ಪ್ರೀತಿಯಿಂದ ನೋಡುತ್ತೇವೆ" ಎನ್ನುತ್ತಾರೆ.

ಆಮೇಲೆ ಐಇಪಿ. ಮಗುವಿಗೇ ಅಂತ ಬರೆದ ಕಲಿಕೆಯ ಪ್ಲಾನ್. ಹೆಸರು ಮುಚ್ಚಿ ಒಂದು ಹಳೆಯ ಐಇಪಿ ತೋರಿಸಿ ಅಂತ ಕೇಳಿ. "ಸಂವಹನ ಸುಧಾರಿಸುವುದು" ಅಂತ ಬರೆದಿದ್ದರೆ ಅದು ಪ್ಲಾನ್ ಅಲ್ಲ. "ನೀರು ಬೇಕಾದಾಗ ಚಿತ್ರದ ಕಾರ್ಡ್ ತೆಗೆದು ಟೀಚರ್ ಕೈಗೆ ಕೊಡುವುದು, ಐದರಲ್ಲಿ ನಾಲ್ಕು ಸಲ, ಯಾರೂ ನೆನಪಿಸದೆ" ಅಂತ ಬರೆದಿದ್ದರೆ ಅಲ್ಲಿ ಯಾರೋ ತಲೆ ಕೆಡಿಸಿಕೊಂಡಿದ್ದಾರೆ ಅಂತ ಅರ್ಥ.

ಸ್ಪೆಷಲ್ ಎಜುಕೇಟರ್‌ಗೆ ಆರ್‌ಸಿಐ ನೋಂದಣಿ ಇದೆಯಾ ಕೇಳಿ. ಭಾರತೀಯ ಪುನರ್ವಸತಿ ಮಂಡಳಿ ಕೊಡುವ ನಂಬರ್ ಅದು. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದವರು ಬಹಳ ಇದ್ದಾರೆ.

ಟಿಫನ್ ಡಬ್ಬಿ:
ಟಾಯ್ಲೆಟ್ ನೋಡಿಕೊಂಡು ಬನ್ನಿ. ಬಾಗಿಲಿಗೆ ಚಿಲಕ ಯಾವ ಎತ್ತರದಲ್ಲಿದೆ, ಕರೆದುಕೊಂಡು ಹೋಗುವವರು ಯಾರು, ಬಟ್ಟೆ ಒದ್ದೆಯಾದರೆ ಬದಲಿಸುವವರು ಯಾರು. ನಮ್ಮನ್ನು ಒಂದು ಶಾಲೆಯವರು ಈಜುಕೊಳಕ್ಕೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ಟಾಯ್ಲೆಟ್ ಕೇಳಿದರೆ "ಅದು ಆಮೇಲೆ ನೋಡೋಣ" ಎಂದರು.

ಓಡೋ ಮಗಳು:
ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಒಂದೇ ಮಗುವಿನ ಜೊತೆಗಿದ್ದು ಸಹಾಯ ಮಾಡುವವರು, ಅವರ ವಿಷಯ ಯಾರೂ ಎತ್ತಲಿಲ್ಲವಲ್ಲ! ನಮಗೆ ಸೀಟು ಕೊಟ್ಟಿದ್ದೇ "ಶ್ಯಾಡೋ ಟೀಚರ್ ನೀವೇ ತನ್ನಿ, ಸಂಬಳ ನೀವೇ ಕೊಡಿ" ಎಂಬ ಷರತ್ತಿನ ಮೇಲೆ. ಫೀಸಿಗಿಂತ ಅದೇ ಜಾಸ್ತಿ ಆಯಿತು. ಆದರೆ ಅವರು ಬಂದ ಮೇಲೆ ಮಗಳು ಕ್ಲಾಸಿನಲ್ಲಿ ಕೂರುತ್ತಾಳೆ. ಮೊದಲು ಗೇಟಿನ ತನಕ ಓಡುತ್ತಿದ್ದಳು.

ರಿಸೋರ್ಸ್ ರೂಮ್ ಅಕ್ಕ:
ಓಡೋ ಮಗಳು ಅವರೇ, ಶ್ಯಾಡೋ ಟೀಚರ್ ಎಲ್ಲಿ ಕೂರುತ್ತಾರೆ? ಮಗುವಿನ ಪಕ್ಕದಲ್ಲೇ ಅಂಟಿಕೊಂಡಿದ್ದರೆ ಸ್ವಲ್ಪ ಗಮನಿಸಿ. ಕ್ಲಾಸ್ ಟೀಚರ್ ಆ ಮಗುವಿನ ಹೆಸರು ಕರೆಯುವುದನ್ನೇ ಬಿಟ್ಟುಬಿಡುತ್ತಾರೆ. ಪಕ್ಕದ ಮಗುವಿಗೆ ಪೆನ್ಸಿಲ್ ಬೇಕಾದರೂ ದೊಡ್ಡವರನ್ನೇ ಕೇಳುತ್ತದೆ, ನಿಮ್ಮ ಮಗಳನ್ನಲ್ಲ. ಶುರುವಿನಲ್ಲಿ ಪಕ್ಕ, ಆಮೇಲೆ ಒಂದು ಬೆಂಚು ಹಿಂದೆ, ಆಮೇಲೆ ಬಾಗಿಲ ಹತ್ತಿರ. ಹೀಗೆ ದೂರ ಸರಿಯುವ ಪ್ಲಾನ್ ಮೊದಲೇ ಬರೆದಿರಬೇಕು.

ಓಡೋ ಮಗಳು:
ದೂರ ಸರಿದರೆ ಮತ್ತೆ ಗೇಟಿಗೆ ಓಡುತ್ತಾಳೆ ಅಕ್ಕ. ಪುಸ್ತಕದಲ್ಲಿ ಎಲ್ಲ ಚೆನ್ನಾಗಿರುತ್ತೆ.

ರಿಸೋರ್ಸ್ ರೂಮ್ ಅಕ್ಕ:
ಯಾವ ಪೀರಿಯಡ್‌ನಲ್ಲಿ ಓಡುತ್ತಾಳೆ ಅಂತ ಬರೆದಿಟ್ಟಿದ್ದೀರಾ? ಸಾಮಾನ್ಯವಾಗಿ ದಿನವಿಡೀ ಓಡುವುದಿಲ್ಲ. ಬರೆಯುವ ಕೆಲಸ ಕೊಟ್ಟಾಗಲೋ, ಬೆಲ್ ಹೊಡೆಯುವ ಮುಂಚೆಯೋ ಇರುತ್ತದೆ.

ಓಡೋ ಮಗಳು:
ಇಲ್ಲ. ಶ್ಯಾಡೋ ಮಿಸ್‌ಗೆ ಬರೆದಿಡಲು ಹೇಳುತ್ತೇನೆ.

ಹೋಮ್‌ವರ್ಕ್ ರಾಣಿ:
ನಡುವೆ ಬಂದೆ, ಕ್ಷಮಿಸಿ. ಮಗಳಿಗೆ ಏಳು ವರ್ಷ, ಎಡಿಎಚ್‌ಡಿ ಇದೆ, ಗಮನ ಒಂದು ಕಡೆ ನಿಲ್ಲುವುದಿಲ್ಲ. ಓದುವುದರಲ್ಲೂ ಬಹಳ ಹಿಂದೆ. ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿದರೆ ಪರೀಕ್ಷೆಯಲ್ಲಿ ಜಾಸ್ತಿ ಟೈಮ್ ಕೊಡುತ್ತಾರಂತೆ, ನಿಜವಾ?

ಕೊನೇಬೆಂಚು:
ಏಳು ವರ್ಷಕ್ಕೆ ಯಾವ ಪಬ್ಲಿಕ್ ಪರೀಕ್ಷೆ ಮೇಡಂ? 😄

ಸೆಕ್ಷನ್ ಸ್ವಾಮಿ:
ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಎಡಿಎಚ್‌ಡಿ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಆಟಿಸಂ ಇದೆ, ಬುದ್ಧಿಮಾಂದ್ಯ ಇದೆ, ಡಿಸ್ಲೆಕ್ಸಿಯಾ (ಓದು ಬರಹವೇ ಕಷ್ಟವಾಗುವುದು) ತರಹದ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಹಾಗಿದ್ದರೆ ಆ ಲೆಕ್ಕದಲ್ಲಿ ಸರ್ಟಿಫಿಕೇಟ್ ಆಗಬಹುದು, ಆದರೆ ಎಂಟು ವರ್ಷ ಆದ ಮೇಲೆ. ಅಲ್ಲಿಯ ತನಕ ಸರ್ಟಿಫಿಕೇಟಿಗೆ ಕಾಯದೆ ಪಾಠದ ಸಹಾಯ ಶುರು ಮಾಡಿ.

ಮುಂದೆ ಬೋರ್ಡ್ ಪರೀಕ್ಷೆಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಬೇಕಿದ್ದರೆ ಬರೆದುಕೊಡುವವರು, ಇದೆಲ್ಲ ಸಿಬಿಎಸ್‌ಇಯಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲೂ ರಿಯಾಯಿತಿಗಳಿವೆ. ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು.

ಹೋಮ್‌ವರ್ಕ್ ರಾಣಿ:
ನಮ್ಮ ಮನೆಯಲ್ಲಿ ಸರ್ಟಿಫಿಕೇಟ್ ಅಂದರೇ ಜಗಳ. ಮುಂದೆ ಮದುವೆಗೆ ತೊಂದರೆ ಅಂತೆ.

ಟಿಫನ್ ಡಬ್ಬಿ:
ಏಳು ವರ್ಷದವಳಿಗೆ ಕೊನೇಬೆಂಚು ಪರೀಕ್ಷೆ ಬೇಡ ಎಂದರು, ನಿಮ್ಮವರು ಮದುವೆ ಮಾಡಲು ಹೊರಟಿದ್ದಾರೆ!

ನಿಧಾನವಾಗಿ ಓದುವವನು:
ನನಗೇ ಡಿಸ್ಲೆಕ್ಸಿಯಾ. ಈಗ ಮೂವತ್ತು ದಾಟಿದೆ, ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ನನ್ನನ್ನು ಹೈಸ್ಕೂಲಿನಲ್ಲಿ ಬಿಡಿಸಿ ಎನ್‌ಐಒಎಸ್‌ಗೆ ಹಾಕಿದರು. ರಾಷ್ಟ್ರೀಯ ಮುಕ್ತ ಶಾಲೆ ಅಂತ. ಹತ್ತನೇ ತರಗತಿಗೆ ಐದು ವಿಷಯ ಸಾಕು, ಅದರಲ್ಲಿ ಭಾಷೆ ಒಂದಿದ್ದರೂ ನಡೆಯುತ್ತದೆ. ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ಕೂಡ ತಗೊಳ್ಳಬಹುದು. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ, ಐದು ವರ್ಷ ಟೈಮ್ ಇರುತ್ತದೆ. ವರ್ಷಕ್ಕೆ ಒಂದೆರಡು ವಿಷಯ ಮಾಡಿದರೂ ಆಯಿತು. ಮೂರು ಭಾಷೆಯ ಕಾಟದಿಂದ ನಾನು ಬಚಾವಾದದ್ದು ಹಾಗೆ.

ಆದರೆ ಒಂದು ಮಾತು. ಕೆಲವು ಶಾಲೆಗಳು ತಮ್ಮ ರಿಸಲ್ಟ್ ಶೇಕಡಾ ನೂರು ಕಾಣಲಿ ಅಂತ ಎಂಟು, ಒಂಬತ್ತನೇ ತರಗತಿಯಲ್ಲಿ ಕಷ್ಟಪಡುವ ಮಕ್ಕಳನ್ನೆಲ್ಲ ಎನ್‌ಐಒಎಸ್ ಕಡೆ ತಳ್ಳುತ್ತವೆ. ಅದು ಮಗುವಿಗೋಸ್ಕರವಾ, ಬ್ಯಾನರಿಗೋಸ್ಕರವಾ ಅಂತ ನೋಡಿಕೊಳ್ಳಿ. ಮನೆಯಲ್ಲಿ ಒಬ್ಬನೇ ಕೂತು ಓದುವುದು ಬೇಜಾರಿನ ಕೆಲಸ. ಗೆಳೆಯರು ಯಾರೂ ಇರಲಿಲ್ಲ ನನಗೆ.

ಕೈಮಾತು:
ಎಲ್ಲರೂ "ಮಾಮೂಲಿ ಶಾಲೆ ಸಿಕ್ಕರೆ ಗೆದ್ದಂತೆ, ಸ್ಪೆಷಲ್ ಶಾಲೆ ಅಂದರೆ ಸೋತಂತೆ" ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದೀರಿ. ನಮ್ಮ ಮಗನಿಗೆ ಕಿವಿ ಕೇಳಿಸುವುದಿಲ್ಲ. ಹಿಯರಿಂಗ್ ಏಡ್‌ನಿಂದಲೂ ಸಿಗುವುದು ಸ್ವಲ್ಪವೇ. ಕೇಳಿಸುವ ಮಕ್ಕಳ ನಡುವೆ ಒಬ್ಬನೇ ಕೂತರೆ ಅವನಿಗೆ ಎಲ್ಲರ ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಕಿವುಡ ಮಕ್ಕಳ ಶಾಲೆಗೆ ಹೋದ ಮೇಲೆ ಸಂಜ್ಞಾ ಭಾಷೆ ಕಲಿತ. ಮನೆಗೆ ಬಂದು ಜಗಳದ ಕತೆ, ಟೀಚರ್ ಬೈದ ಕತೆ, ಸುಳ್ಳು, ಎಲ್ಲ ಹೇಳುತ್ತಾನೆ. ಆರು ವರ್ಷದ ಹುಡುಗ ಸುಳ್ಳು ಹೇಳಿದ್ದಕ್ಕೆ ನಾನೂ ಇವಳೂ ಕುಣಿದೆವು. ಭಾಷೆ ಬಂದರೆ ತಾನೇ ಸುಳ್ಳು ಹೇಳಲು ಆಗುವುದು!

ಈಗ ಸರ್ಕಾರದ ಪಾಠದ ಟಿವಿ ಚಾನೆಲ್‌ಗಳಾದ ಪಿಎಂ ಇ-ವಿದ್ಯಾದಲ್ಲಿ ಸಂಜ್ಞಾ ಭಾಷೆಗೆಂದೇ 31ನೇ ಚಾನೆಲ್ ಇದೆ, ನಾವೂ ಅದನ್ನು ನೋಡಿ ಕಲಿಯುತ್ತೇವೆ. ಚಿಕ್ಕ ಮಕ್ಕಳಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಪ್ರಿಸ್ಕೂಲ್ ಇದೆ, ಅಲ್ಲಿ ಅಪ್ಪ ಅಮ್ಮನಿಗೂ ಕಲಿಸುತ್ತಾರೆ.

ಓಡೋ ಮಗಳು:
ಆದರೆ ಕೈಮಾತು ಅವರೇ, ದೊಡ್ಡವನಾದ ಮೇಲೆ ಕೇಳಿಸುವವರ ಜೊತೆಗೇ ಅಲ್ವಾ ಬದುಕಬೇಕು?

ಕೈಮಾತು:
ಹೌದು. ಅದಕ್ಕೆ ಮೊದಲು ಅವನಿಗೆ ಒಂದು ಭಾಷೆ ಗಟ್ಟಿಯಾಗಿ ಇರಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಮಾಡಿಸಿ ಮಾಮೂಲಿ ಶಾಲೆಯಲ್ಲಿ ಚೆನ್ನಾಗಿ ಓದುವ ಮಕ್ಕಳೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಮ್ಮವನಿಗೆ ಇದು ಸರಿಹೋಯಿತು.

ಹಳ್ಳಿಶಾಲೆ:
ಸರ್ಕಾರಿ ಶಾಲೆಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಮ್ಮ ತಂಗಿ ಮಗ ಸೆರೆಬ್ರಲ್ ಪಾಲ್ಸಿ, ಗಾಲಿ ಕುರ್ಚಿ. ಸರ್ಕಾರಿ ಶಾಲೆಯಲ್ಲೇ ಐದನೇ ತರಗತಿ. ಮಕ್ಕಳು ಕಡಿಮೆ, ಹಾಗಾಗಿ ಟೀಚರ್‌ಗೆ ಗಮನ ಕೊಡಲು ಆಗುತ್ತದೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗೆಂದೇ ಬ್ಲಾಕ್ ಮಟ್ಟದ ಬಿಐಇಆರ್‌ಟಿ ಟೀಚರ್ ಅಂತ ಇರುತ್ತಾರೆ, ಅವರು ಬಂದು ನೋಡುತ್ತಾರೆ. ಶಾಲೆಗೆ ಬರಲಾಗದಷ್ಟು ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಇದೆ. ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಟಿಫನ್ ಡಬ್ಬಿ:
ಬರುತ್ತಾರೆ ಅಂದಿರಿ. ಎಷ್ಟು ದಿನಕ್ಕೊಮ್ಮೆ?

ಹಳ್ಳಿಶಾಲೆ:
ಅದನ್ನು ಕೇಳಬೇಡಿ. ತಾಲ್ಲೂಕಿನ ಎಷ್ಟು ಶಾಲೆ ಸುತ್ತಬೇಕು ಪಾಪ ಅವರು. ಆದರೂ ಬಂದ ದಿನ ಕ್ಲಾಸ್ ಟೀಚರ್‌ಗೆ ಹೇಳಿಕೊಟ್ಟು ಹೋಗುತ್ತಾರೆ. ನಮ್ಮ ಹುಡುಗನ ಮೇಜನ್ನು ಒಂದು ಗೇಣು ಎತ್ತರಿಸಿ ಅಂದದ್ದು ಅವರೇ. ಅಷ್ಟಕ್ಕೇ ಬರವಣಿಗೆ ಓದುವ ಹಾಗಾಯಿತು.

ಚಾಕ್‌ಪೀಸ್ ಮೇಷ್ಟ್ರು:
ಇಂಥದ್ದನ್ನೇ ನಾನು ಕೇಳುವುದು. ನನಗೆ ಉಪನ್ಯಾಸ ಬೇಡ, ಮೇಜು ಎಷ್ಟು ಎತ್ತರ ಇರಬೇಕು ಹೇಳಿ ಸಾಕು.

ಪುಟ್ಟನಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಶಾಲೆಗೆ ಈಮೇಲ್ ಹಾಕಿದೆ. "ಒಂದನೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದೀರಿ, ಕಾರಣ ಬರೆದು ತಿಳಿಸಿ" ಅಂತ. ಮಧ್ಯಾಹ್ನವೇ ಫೋನ್ ಬಂತು. "ಹಾಗೆ ಹೇಳಿಲ್ಲ ಮೇಡಂ, ಬನ್ನಿ, ಕೂತು ಮಾತಾಡೋಣ" ಅಂದರು.

ಕೊನೇಬೆಂಚು:
ಹೇಳಿರಲಿಲ್ವಾ!

ಪುಟ್ಟನಮ್ಮ:
ಹೌದು 😀 ಆದರೆ ಈಗ ನನಗೇ ಅಲ್ಲಿ ಬೇಡ ಅನ್ನಿಸುತ್ತಿದೆ. ಹೆದರಿ ಇಟ್ಟುಕೊಂಡವರ ಹತ್ತಿರ ಮಗನನ್ನು ದಿನಾ ಬಿಟ್ಟುಬರುವುದು ಹೇಗೆ? ಯಜಮಾನರು ಮಾತ್ರ ಗೆದ್ದೆವು ಅನ್ನುವ ಖುಷಿಯಲ್ಲಿದ್ದಾರೆ.

ಸೆಕ್ಷನ್ ಸ್ವಾಮಿ:
ಹಕ್ಕು ಇದೆ ಅಂದರೆ ಅಲ್ಲೇ ಇರಬೇಕು ಅಂತಲ್ಲ. ಆದರೆ ಬೇರೆ ಕಡೆ ಸೀಟು ಖಚಿತ ಆಗುವ ತನಕ ಟಿಸಿ ಕೇಳಬೇಡಿ, "ಸ್ವ ಇಚ್ಛೆಯಿಂದ ಬಿಡಿಸುತ್ತಿದ್ದೇವೆ" ಎಂಬ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇಬ್ಬರ ಅಪ್ಪ:
ಮನೆಯಲ್ಲಿ ಒಂದು ವರ್ಷ ಇಟ್ಟುಕೊಳ್ಳುವ ಮಾತು ಏನಾಯಿತು?

ಪುಟ್ಟನಮ್ಮ:
ಅತ್ತೆ ಇನ್ನೂ ಅದನ್ನೇ ಹೇಳುತ್ತಿದ್ದಾರೆ.

ರಿಸೋರ್ಸ್ ರೂಮ್ ಅಕ್ಕ:
ಮಾತು ಬರಲಿ ಅಂತ ಮನೆಯಲ್ಲಿ ಇಟ್ಟುಕೊಂಡರೆ ಮಾತಾಡಲು ಅವನಿಗೆ ಯಾರಿದ್ದಾರೆ? ದೊಡ್ಡವರು ಮಗು ಕೇಳುವ ಮೊದಲೇ ಕೊಟ್ಟುಬಿಡುತ್ತೇವೆ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ. ನಿಮ್ಮವನಿಗೆ ಓದಲು ಬರುತ್ತದೆ ಅಂದಿರಲ್ಲ, ಅದು ದೊಡ್ಡ ದಾರಿ. ದಿನದ ಕೆಲಸಗಳನ್ನು ಒಂದೊಂದೇ ಪದದಲ್ಲಿ ಬರೆದು ಡೆಸ್ಕಿಗೆ ಅಂಟಿಸಬಹುದು: ಗಣಿತ, ಹಾಡು, ಊಟ, ಆಟ, ವ್ಯಾನ್. ಮುಗಿದದ್ದನ್ನು ಅವನೇ ಹೊಡೆದುಹಾಕಲಿ. ಮುಂದೇನು ಅಂತ ಗೊತ್ತಿದ್ದರೆ ಬೆಂಚಿನ ಕೆಳಗೆ ಹೋಗುವುದು ಕಡಿಮೆ ಆಗುವ ಸಾಧ್ಯತೆ ಇದೆ. ಹೊಸ ಶಾಲೆಯವರಿಗೆ ಇದನ್ನು ಹೇಳಿ, ಅವರ ಮುಖ ನೋಡಿ. "ಅಂಟಿಸೋಣ, ದೊಡ್ಡ ಅಕ್ಷರ ಬೇಕಾ, ಚಿಕ್ಕದು ಸಾಕಾ" ಅಂತ ಕೇಳಿದರೆ ಆ ಶಾಲೆಯನ್ನು ಬಿಡಬೇಡಿ.

ಪುಟ್ಟನಮ್ಮ:
ಅಕ್ಕ, ಇದನ್ನು ನಾಳೆಯೇ ಮನೆಯಲ್ಲಿ ಶುರು ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಮುಂದಿನ ವಾರ ಎರಡು ಶಾಲೆ ನೋಡುವುದಿದೆ. ಒಂದು ಮಾಮೂಲಿ, ರಿಸೋರ್ಸ್ ರೂಮ್ ಇದೆಯಂತೆ. ಇನ್ನೊಂದು ಸ್ಪೆಷಲ್. ಮಗನನ್ನೂ ಕರೆದುಕೊಂಡು ಹೋಗಲಾ?

ಟಿಫನ್ ಡಬ್ಬಿ:
ಮೊದಲ ಸಲ ಬೇಡ. ಅವನನ್ನು ಹಿಡಿಯುವುದರಲ್ಲೇ ನಿಮ್ಮ ಗಮನ ಹೋಗುತ್ತದೆ, ಏನೂ ನೋಡಲು ಆಗುವುದಿಲ್ಲ. ಊಟದ ಬಿಡುವಿನ ಹೊತ್ತಿಗೆ ಹೋಗಿ. ಆಗ ಯಾವ ಮಗು ಒಂಟಿಯಾಗಿ ನಿಂತಿದೆ, ಯಾರು ಅದರ ಹತ್ತಿರ ಹೋಗುತ್ತಾರೆ ಅಂತ ಕಾಣುತ್ತದೆ.

ರಿಸೋರ್ಸ್ ರೂಮ್ ಅಕ್ಕ:
ಸರಿಯಾಗಿ ಹೇಳಿದರು. ಇಷ್ಟವಾದರೆ ಎರಡನೇ ಸಲ ಮಗನ ಜೊತೆ ಹೋಗಿ, ಒಂದರ್ಧ ದಿನ ಕ್ಲಾಸಿನಲ್ಲಿ ಕೂರಿಸಲು ಬಿಡುತ್ತೀರಾ ಕೇಳಿ. ಬೆಲ್ ಎಷ್ಟು ಜೋರಾಗಿದೆ ಅಂತಲೂ ಕೇಳಿಸಿಕೊಂಡು ಬನ್ನಿ. ಕ್ಲಾಸಿನ ಬಾಗಿಲ ಮೇಲೆಯೇ ಬೆಲ್ ಇದ್ದರೆ ಅವನನ್ನು ಬೇರೆ ಕೋಣೆಯ ಸೆಕ್ಷನ್‌ಗೆ ಹಾಕಲು ಹೇಳಬಹುದು.

ಪುಟ್ಟನಮ್ಮ:
ಸರಿ ಅಕ್ಕ. ನೋಡಿಕೊಂಡು ಬಂದು ಬರೆಯುತ್ತೇನೆ.

ಹೋಮ್‌ವರ್ಕ್ ರಾಣಿ:
ಆ ರಿಸೋರ್ಸ್ ರೂಮ್ ಇರುವ ಶಾಲೆಯಲ್ಲಿ ಮೂರನೇ ತರಗತಿಗೆ ಸೀಟು ಇದೆಯಾ, ಅದನ್ನೂ ಕೇಳಿಕೊಂಡು ಬನ್ನಿ ಪ್ಲೀಸ್.